ಒಂಟಿ ಚಪ್ಪಲಿಯ ಪ್ರದರ್ಶನ

ದೇವಸ್ಥಾನಕ್ಕೆ ಹೋದರೆ ಚಪ್ಪಲಿ ಜೋಡಿಯನ್ನು ಒಂದೇ ಕಡೆ ಬಿಡಬಾರದು. ಇದು ನಮ್ಮಪ್ಪ ಕಲಿಸಿದ ವಿದ್ಯೆ. ಎಡಗಾಲಿನದು ಇಲ್ಲಿ, ಬಲಗಾಲಿನದು ಹತ್ತು ಹೆಜ್ಜೆ ಆಚೆ. ಕಳ್ಳನಿಗೆ ಜೋಡಿ ಹುಡುಕುವಷ್ಟು ಪುರುಸೊತ್ತು ಇರುವುದಿಲ್ಲ. ಐವತ್ತು ವರ್ಷ ಈ ವಿದ್ಯೆ ನನ್ನನ್ನು ಒಮ್ಮೆಯೂ ಬರಿಗಾಲಲ್ಲಿ ಮನೆಗೆ ಕಳಿಸಿರಲಿಲ್ಲ. ಕೈಕೊಟ್ಟದ್ದು ಬ್ಯಾಂಕಾಕಿನಲ್ಲಿ.

ಬ್ಯಾಂಕಾಕಿಗೆ ಹೋಗ್ತಿದ್ದೀನಿ ಅಂದರೆ ನಮ್ಮೂರಲ್ಲಿ ಗಂಡಸರು ಒಂದು ಥರ ನಗುತ್ತಾರೆ. ಆರ್ಟ್ ಗ್ಯಾಲರಿ ನೋಡಕ್ಕೆ ಅಂದರೆ ಇನ್ನೂ ಜಾಸ್ತಿ ನಗುತ್ತಾರೆ. ಆದರೆ ಸತ್ಯ ಅದೇ. ಅಲ್ಲಿ ಕೆಲಸದಲ್ಲಿರುವ ಅಣ್ಣನ ಮಗನಿಗೆ ಚಿತ್ರಗಳ ಹುಚ್ಚು. "ಚಿಕ್ಕಪ್ಪ, ಮಾಲು, ಮಸಾಜು ಎಲ್ಲರೂ ನೋಡ್ತಾರೆ. ನಿಮಗೆ ಬೇರೆ ಊರು ತೋರಿಸ್ತೀನಿ" ಅಂದ.

ಮೊದಲ ದಿನ ಬಿಎಸಿಸಿ, ಅಂದರೆ ಬ್ಯಾಂಕಾಕಿನ ಕಲೆ ಮತ್ತು ಸಂಸ್ಕೃತಿ ಕೇಂದ್ರ. 2008ರಲ್ಲಿ ಶುರುವಾದದ್ದು. ಅದಿರುವ ಜಾಗ ಪಥುಮ್‌ವನ್, ಬಿಡಿಸಿ ಓದಿದರೆ ನಮ್ಮ ಪದ್ಮವನವೇ. ಚಿತ್ರಶಾಲೆಗೆ ಅವರು 'ಹೋ ಸಿನ್' ಅನ್ನುತ್ತಾರೆ. ಬರೆಯುವಾಗ ಶಿಲ್ಪ ಅಂತಲೇ ಬರೆದು, ಹೇಳುವಾಗ ಬಾಲ ಕತ್ತರಿಸಿ ಸಿನ್ ಮಾಡಿಬಿಡುತ್ತಾರೆ. ಇಷ್ಟೆಲ್ಲ ಭಾಷಾಶಾಸ್ತ್ರ ಮಾತಾಡಿಕೊಂಡು ಹೋದವರಿಗೆ ಅವತ್ತು ಸೋಮವಾರ ಅನ್ನುವುದು ಮರೆತಿತ್ತು. ಸೋಮವಾರ ಅಲ್ಲಿ ರಜೆ. ಮಂಗಳವಾರ ಕ್ಷೌರದಂಗಡಿಗೆ ಹೋದವರ ಹಾಗೆ ಬಾಗಿಲ ಮುಂದೆ ನಿಂತು ವಾಪಸ್ಸು ಬಂದೆವು.

ಮಾರನೇ ದಿನ ಒಳಗೆ ಹೋದೆವು. ಪ್ರವೇಶ ಪುಕ್ಕಟೆ. ಒಂಬತ್ತು ಮಹಡಿ, ಮೇಲಿನ ಮಹಡಿಗಳಲ್ಲಿ ಗೋಡೆಗುಂಟ ಸುತ್ತುವ ಇಳಿಜಾರು. ಬುದ್ಧಿವಂತರು ಲಿಫ್ಟಿನಲ್ಲಿ ಹತ್ತಿ ನಡೆದು ಇಳಿಯುತ್ತಾರೆ. ನಾವು ನಡೆದೇ ಹತ್ತಿದೆವು. ಮೇಲೆ ಮುಟ್ಟುವ ಹೊತ್ತಿಗೆ ನಮಗೆ ಅತ್ಯುತ್ತಮ ಕಲಾಕೃತಿಯಾಗಿ ಕಂಡದ್ದು ಒಂದು ಬೆಂಚು.

ಆ ಬೆಂಚಿನ ಮೇಲೆ ಕೂತು ಹುಡುಗ ರಿರ್ಕ್ರಿತ್ ತಿರವನಿಜ ಎಂಬ ಥಾಯ್ ಕಲಾವಿದನ ಕಥೆ ಹೇಳಿದ. ಆತ 1992ರಲ್ಲಿ ನ್ಯೂಯಾರ್ಕಿನ ಗ್ಯಾಲರಿಯೊಂದರಲ್ಲಿ ಚಿತ್ರ ಗಿತ್ರ ಏನೂ ಇಡದೆ, ಅನ್ನ ಮತ್ತು ಥಾಯ್ ಸಾರು ಮಾಡಿ ಬಂದವರಿಗೆಲ್ಲ ಬಿಟ್ಟಿಯಾಗಿ ಬಡಿಸಿದನಂತೆ. ಉಂಡು ಬಿಟ್ಟದ್ದು, ಖಾಲಿ ಪಾತ್ರೆ ಎಲ್ಲ ಅಲ್ಲೇ ಕಲೆಯ ಭಾಗವಾಗಿ ಉಳಿದವಂತೆ. ನನ್ನ ಹೆಂಡತಿ ಅಡುಗೆಯ ಬಗ್ಗೆ ಏನೂ ಹೇಳಲಿಲ್ಲ. "ಮುಸುರೆ ತೊಳೆಯದೇ ಇದ್ದರೂ ನಡೆಯುತ್ತೆ ಅನ್ನು" ಅಂದಳು. ಆ ಊರಲ್ಲಿ ಅವಳು ಮೆಚ್ಚಿಕೊಂಡ ಕಲಾವಿದ ಅವನೊಬ್ಬನೇ.

ಬ್ಯಾಂಕಾಕಿನಲ್ಲಿ ಕನ್ನಡಕ ಹಾಕುವವರ ಕಷ್ಟ ಯಾರೂ ಹೇಳುವುದಿಲ್ಲ. ಒಳಗೆಲ್ಲ ಶಾಲು ಹೊದೆಯುವಷ್ಟು ಎಸಿ, ಹೊರಗೆ ಇಡ್ಲಿ ಪಾತ್ರೆಯ ಹಬೆ. ಬಾಗಿಲು ದಾಟಿದ ಕೂಡಲೇ ಗಾಜು ಬೆಳ್ಳಗಾಗಿ ಅರ್ಧ ನಿಮಿಷ ಪ್ರಪಂಚವೇ ಮಾಯ. ನಾಲ್ಕನೇ ದಿನ ಚರೋನ್ ಕ್ರುಂಗ್ ರಸ್ತೆಯ ಒಂದು ಓಣಿಯಲ್ಲಿ ಟ್ಯಾಕ್ಸಿ ಇಳಿದಾಗಲೂ ಹಾಗೇ ಆಯಿತು. 1860ರ ದಶಕದ ರಸ್ತೆ ಅದು. ಕೆಳಗೆ ಅಂಗಡಿ ಮೇಲೆ ಮನೆಯಿದ್ದ ಹಳೇ ಕಟ್ಟಡಗಳಲ್ಲಿ ಈಗ ಅಲ್ಲಲ್ಲಿ ಗ್ಯಾಲರಿಗಳಾಗಿವೆ. ಅಂಥದೊಂದರ ಬಾಗಿಲಲ್ಲಿ, ಮಂಜು ಮಂಜಾಗಿ, ಸಾಲಾಗಿ ಬಿಟ್ಟ ಚಪ್ಪಲಿಗಳು ಕಂಡವು. ಥಾಯ್ ಜನ ಮನೆಯೊಳಗೆ, ಗುಡಿಯೊಳಗೆ ಚಪ್ಪಲಿ ಹಾಕುವುದಿಲ್ಲ, ನಮ್ಮ ಹಾಗೇ. ಆಹಾ, ಕಲೆಗೂ ಎಂಥ ಗೌರವ ಅಂದುಕೊಂಡು ಅಪ್ಪನ ವಿದ್ಯೆ ಪ್ರಯೋಗಿಸಿದೆ. ಎಡಗಾಲಿನದು ಸಾಲಿನ ಈ ತುದಿಗೆ, ಬಲಗಾಲಿನದು ಆ ತುದಿಗೆ.

ಒಳಗೆ ಇಪ್ಪತ್ತು ನಿಮಿಷ ಒಂದು ಪರದೆಯ ಮೇಲೆ ಫ್ಯಾನು ತಿರುಗುವುದನ್ನು ನೋಡಿದೆ. ಟ್ಯಾಕ್ಸಿಯವನಿಗೆ ದುಡ್ಡು ಕೊಟ್ಟು ಹಿಂದೆ ಬಂದ ಹೆಂಡತಿ ನನ್ನ ಪಾದ ನೋಡಿ ಕೇಳಿದಳು, "ಚಪ್ಪಲಿ ಎಲ್ರೀ?"

ಆಗ ಸುತ್ತ ಇದ್ದವರ ಕಾಲು ನೋಡಿದೆ. ಎಲ್ಲರೂ ಶೂ ಹಾಕಿಕೊಂಡೇ ಇದ್ದರು.

ಅವಳು ಬಾಗಿಲ ಪಕ್ಕದ ಫಲಕ ಓದಿ ಬಂದಳು. ಊರು ಬಿಟ್ಟು ಕೂಲಿಗೆ ಬಂದವರು ಮೆಟ್ಟಿದ ಚಪ್ಪಲಿಗಳಂತೆ ಅವು. ನನ್ನವು ಹೆಬ್ಬೆರಳಿನ ಜಾಗದಲ್ಲಿ ಸವೆದು, ಬಸ್‌ಸ್ಟ್ಯಾಂಡಿನ ಚಪ್ಪಲಿ ಹೊಲಿಯುವವನ ಕರೀ ದಾರ ಕಂಡಂಥವು. ಮಿಕ್ಕವಕ್ಕಿಂತ ಚೆನ್ನಾಗಿ ಹೊಂದಿಕೊಂಡಿದ್ದವು. ಎಡಗಾಲಿನದನ್ನು ಎತ್ತಲು ಬಗ್ಗಿದೆ, ಅಲ್ಲಿನ ಹುಡುಗ ಓಡಿ ಬಂದ. "ಸರ್, ನೋ ಟಚ್!" ಇದು ನನ್ನದಪ್ಪಾ ಅಂತ ಕನ್ನಡದಲ್ಲೇ ಅಂದೆ. ಅವನು ಫಲಕ ತೋರಿಸಿದ. ನಾನು ಪಾದ ತೋರಿಸಿದೆ. ಕೊನೆಗೆ ಕಾಲಿಟ್ಟು ತೋರಿಸಿದ ಮೇಲೆ ಹೆಬ್ಬೆರಳು ಗುಳಿಯಲ್ಲಿ ಸರಿಯಾಗಿ ಕೂತದ್ದು ನೋಡಿ, ಕೈಮುಗಿದು ಹಿಂದೆ ಸರಿದ. ಹೆಂಡತಿ ನನ್ನ ಗುರುತೇ ಇಲ್ಲದವಳ ಹಾಗೆ ಫಲಕವನ್ನು ಎರಡನೇ ಸಲ ಓದುತ್ತಿದ್ದಳು.

ಆ ತುದಿಗೆ ಹೋದೆ. ಬಲಗಾಲಿನದರ ಮುಂದೆ ಇಬ್ಬರು ಹುಡುಗಿಯರು ಮಂಡಿಯೂರಿ ಫೋಟೋ ತೆಗೆಯುತ್ತಿದ್ದರು. ಒಬ್ಬಳು ಅದರ ಒಂಟಿತನ ನೋಡಿ ಎದೆಯ ಮೇಲೆ ಕೈಯಿಟ್ಟುಕೊಂಡಿದ್ದಳು. ಅವಳು ಮುಗಿಸುವವರೆಗೆ ಒಂದು ಕಾಲಿಗೆ ಚಪ್ಪಲಿ ಹಾಕಿಕೊಂಡು ಪಕ್ಕದಲ್ಲೇ ಕಾದೆ.