ಫೋಟೋ ತೆಗೆಯೋಕೆ ಟೈಮಿತ್ತು, ನನಗೆ ಒಂದು ಮಾತು ಹೇಳೋಕೆ ಇರ್ಲಿಲ್ವಾ?

ಈಗಷ್ಟೇ ಓಪಿಡಿಯಿಂದ ಬಂದೆ. ಉಜ್ಜಿ ಉಜ್ಜಿ ಕೆನ್ನೆ ಉರೀತಿದೆ, ಆ ಕಪ್ಪು ಇನ್ನೂ ಪೂರ್ತಿ ಹೋಗಿಲ್ಲ.

ಊಟಕ್ಕೆ ಕೂತ್ರೆ ಸಾಕು, ದವಡೆ ಆಪರೇಷನ್ ಮಾಡಿ ಲೋಹದ ಪ್ಲೇಟು ಹಾಕಿದ್ ಕಡೆ ಕಿವಿ ಮುಂದೆ ಬೆವರು ಇಳಿಯುತ್ತೆ. ಉಪ್ಪಿನಕಾಯಿ ನಾಲಿಗೆಗೆ ತಾಕಿದ್ರೆ ಮುಗೀತು. ಅದನ್ನ ಹೇಳಿದ್ದಕ್ಕೆ ಡಾಕ್ಟ್ರು "ಕೂತ್ಕೊಳಮ್ಮಾ, ಟೆಸ್ಟ್ ಮಾಡೋಣ" ಅಂದ್ರು. ಕೆನ್ನೆಗೆಲ್ಲ ಅಯೋಡಿನ್ ಬಳಿದ್ರು, ಒಣಗಿದ್ಮೇಲೆ ಸ್ಟಾರ್ಚ್ ಪುಡಿ ಉದುರಿಸಿದ್ರು, ನಿಂಬೆಹೋಳು ಕೊಟ್ಟು ಚೀಪು ಅಂದ್ರು. ಯಾಕೆ ಏನು ಒಬ್ರೂ ಹೇಳ್ಲಿಲ್ಲ. ಸುತ್ತ ಸ್ಟೂಡೆಂಟ್ಸು, ನಾನು ಚೀಪ್ತಾ ಇದೀನಿ, ಎಲ್ರೂ ಕೆನ್ನೇನೇ ನೋಡ್ತಿದಾರೆ, ನನ್ನ ಕಣ್ಣು ಯಾರೂ ನೋಡ್ತಿಲ್ಲ, ಒಬ್ಳು ಹುಡುಗಿ "ವಾವ್" ಅಂದ್ಲು, ಮೊಬೈಲ್‌ಗಳು ಬಂದ್ವು, "ಮುಖ ಸ್ವಲ್ಪ ಬೆಳಕಿಗೆ ತಿರುಗಿಸಮ್ಮಾ" ಅಂದ್ರು. ನನ್ನನ್ನ ಕೇಳಿ ತೆಗೀಬೇಕು ಅಂತ ಅಷ್ಟು ಜನದಲ್ಲಿ ಒಬ್ರಿಗೂ ಅನ್ನಿಸ್ಲಿಲ್ಲ! ಬೆವರಿಗೆ ಅಯೋಡಿನ್ನೂ ಆ ಪುಡೀನೂ ಸೇರಿ ಕೆನ್ನೆ ನೀಲಿಗಪ್ಪಾಗಿದೆ ಅಂತ ನನಗೆ ಗೊತ್ತಾಗಿದ್ದೇ ಹೊರಗೆ ಕಾರಿಡಾರಲ್ಲಿ, ಒಂದು ಮಗು ನನ್ನ ನೋಡಿ ಅಮ್ಮನ ಸೆರಗಲ್ಲಿ ಮುಖ ಮುಚ್ಕೊಂಡಾಗ.

ಫ್ರೇ ಸಿಂಡ್ರೋಮ್ ಅಂತೆ. ಅದೂ ಸ್ಟೂಡೆಂಟ್ಸಿಗೆ ಹೇಳಿದ್ದು, ನನಗಲ್ಲ. ಮನೆಗೆ ಬಂದು ಹುಡುಕಿ ಓದಿದೆ. ಕಿವಿ ಮುಂದೆ ಕುಯ್ಯೋವಾಗ ಅಲ್ಲಿನ ನರಕ್ಕೆ ಪೆಟ್ಟಾದ್ರೆ, ಮತ್ತೆ ಬೆಳೆಯೋವಾಗ ಜೊಲ್ಲಿನ ಗ್ರಂಥಿಗೆ ಹೋಗೋ ಎಳೆಗಳು ಬೆವರಿನ ಗ್ರಂಥಿಗೆ ಸೇರ್ಕೊಂಡ್ಬಿಡುತ್ವಂತೆ. ಪೋಲೆಂಡಿನ ಡಾಕ್ಟರ್ ಫ್ರೇ 1923ರಲ್ಲೇ ಬರೆದಿಟ್ಟಿದ್ದಾರೆ. ನೂರು ವರ್ಷದಿಂದ ಗೊತ್ತಿರೋ ವಿಷ್ಯ ಆಪರೇಷನ್‌ಗೆ ಮುಂಚೆ ನನಗೆ ಹೇಳೋಕೆ ಏನಾಗಿತ್ತು?

ಸರ್ಜರಿ ಬೇಡಿತ್ತು ಅಂತಿಲ್ಲ ನಾನು. ಗಾಡಿಯಿಂದ ಬಿದ್ದು ಗದ್ದ ನೆಲಕ್ಕೆ ಹೊಡೆದು ಕಾಂಡೈಲ್, ಅಂದ್ರೆ ಕಿವಿ ಮುಂದೆ ಕೂರೋ ದವಡೆ ಮೂಳೆಯ ತುದಿ, ಮುರಿದಾಗ ಹಲ್ಲಿಗೆ ಹಲ್ಲು ಕೂರ್ತಿರ್ಲಿಲ್ಲ. ಈಗ ಬಾಯಿಗೆ ಮೂರು ಬೆರಳು ಹಿಡಿಯುತ್ತೆ, ಮುದ್ದೆ ನುಂಗ್ತೀನಿ. ಆಪರೇಷನ್ ಆದ್ಮೇಲೆ ಮೇಲೇಳದೇ ಇದ್ದ ಹುಬ್ಬೂ ನಿಧಾನಕ್ಕೆ ಸರಿಹೋಯ್ತು. ಬೆವರು ತಾನೇ, ಕರ್ಚೀಫ್ ಇಟ್ಕೊಂಡ್ರಾಯ್ತು ಅಂತ ಬಸ್ಸಲ್ಲಿ ಸಮಾಧಾನ ಮಾಡ್ಕೊಂಡೆ. ಆಗ್ತಿಲ್ಲ. ಮುಂದಿನ ವಾರ ತಂಗಿ ಮದುವೆ, ಪಂಕ್ತೀಲಿ ಬೀಗರ ಎದುರು ಕೂತು ಉಣ್ಬೇಕು.

ಬೊಟಾಕ್ಸ್ ಇಂಜೆಕ್ಷನ್ ಚುಚ್ಚಿದ್ರೆ ಕೆಲವು ತಿಂಗಳು ಬೆವರು ನಿಲ್ಲುತ್ತೆ, ಆಮೇಲೆ ಮತ್ತೆ ಚುಚ್ಚಿಸ್ಬೇಕಂತೆ. ಮಾಡಿಸ್ಕೊಂಡೋರು ಇದ್ರೆ ಹೇಳಿ, ಎಷ್ಟು ಖರ್ಚಾಯ್ತು? ಡಾಕ್ಟ್ರುಗಳು ಯಾರಾದ್ರೂ ಓದ್ತಿದ್ರೆ ಇದಕ್ಕೂ ಉತ್ತರ ಕೊಡಿ, ಆ ಫೋಟೋಗಳು ಈಗ ಯಾರ್ಯಾರ ಮೊಬೈಲಲ್ಲಿವೆ, ಡಿಲೀಟ್ ಮಾಡಿ ಅಂತ ನಾನು ಯಾರನ್ನ ಕೇಳ್ಬೇಕು?