ಇದು ಯಾವ ಮರ?

ಕುಂಡದಲ್ಲಿ ಗಿಡ್ಡಗೆ ಬೆಳೆಸಿದ ಬೋನ್ಸಾಯ್ ಮರ ಕಂಡ ಕೂಡಲೇ ಜನ ಕೇಳುವುದು ವಯಸ್ಸು. ಯಾವ ಮರ ಎಂದು ಕೇಳುವವರು ಕಡಿಮೆ. ಮಾರುವವರೂ ಅಷ್ಟೇ, ಕುಂಡಕ್ಕೆ 'ಬೋನ್ಸಾಯ್' ಎಂಬ ಚೀಟಿ ಅಂಟಿಸಿ ಕೈತೊಳೆದುಕೊಳ್ಳುತ್ತಾರೆ. ಯಾವ ಮರ ಅಂತ ಗೊತ್ತಿಲ್ಲದೆ ಸಾಕುವುದು ಹೇಗೆ?

ದಾವಣಗೆರೆಯ ನಮ್ಮ ಮನೆಯ ತಾರಸಿ ಮೇಲಿರುವುದು ಚೈನೀಸ್ ಎಲ್ಮ್. ಗುರುತಿಗೆ ಎಲೆಯೇ ಸಾಕು. ಚಿಕ್ಕ ಎಲೆ, ಅಂಚಿಗೆ ಗರಗಸದ ಹಲ್ಲು. ತೊಟ್ಟಿನ ಹತ್ತಿರ ಎರಡು ಪಕ್ಕ ಸಮ ಇರುವುದಿಲ್ಲ, ಒಂದು ತುಸು ಕೆಳಗಿಳಿದಿರುತ್ತದೆ. ವಯಸ್ಸಾದ ಕಾಂಡದ ತೊಗಟೆ ಚಕ್ಕೆ ಚಕ್ಕೆಯಾಗಿ ಎದ್ದು ಒಳಗಿನ ಕಂದು-ಕಿತ್ತಳೆ ಬಣ್ಣ ಕಾಣುತ್ತದೆ. ಎಲೆ ಕಡುಹಸಿರಾಗಿ ಮಿಂಚುತ್ತಾ, ಮೇಲೆ ಬಿಳಿ ಚುಕ್ಕಿ ಇದ್ದು, ಪುಟ್ಟ ಬಿಳಿ ಹೂ ಬಿಟ್ಟರೆ ಅದು ಎಲ್ಮ್ ಅಲ್ಲ, ಬೋನ್ಸಾಯ್ ಮಾಡುವ ಇನ್ನೊಂದು ಗಿಡ ಕಾರ್ಮೋನಾ. ಎಲ್ಮ್ ಹೂವನ್ನು ಹುಡುಕಿಯೇ ನೋಡಬೇಕು.

ಎಲ್ಮ್ ಕುಟುಂಬದವರು ನಮ್ಮಲ್ಲೂ ಇದ್ದಾರೆ. ಬಯಲುಸೀಮೆಯ ತಪಸಿ ಮರ ಅದೇ ಬಳಗ. ಅದರ ಎಲೆ ದೊಡ್ಡದು, ಅಂಚು ನಯ, ಹಿಚುಕಿದರೆ ಕೆಟ್ಟ ವಾಸನೆ. ಆ ಮರಕ್ಕೆ ಯಾರೂ ನೀರು ಹಾಕುವುದಿಲ್ಲ. ತಾರಸಿ ಮೇಲಿನ ಈ ಚೀನಾದ ನೆಂಟನದೇ ಉಪಚಾರ ಜಾಸ್ತಿ.

ಹಿಮ ತಡೆಯುವ ಮರ, ನಮ್ಮ ಏಪ್ರಿಲ್‌ಗೆ ಸೋಲುತ್ತದೆ! ಕುಂಡ ಆಳವಿಲ್ಲದ್ದು, ಬೆಳಿಗ್ಗೆ ಹಾಕಿದ ನೀರು ಮಧ್ಯಾಹ್ನಕ್ಕೆ ಆರಿರುತ್ತದೆ. ಹಾಗಂತ ದಿನಕ್ಕಿಷ್ಟು ಲೋಟ ಎಂಬ ಲೆಕ್ಕವೂ ನಡೆಯದು. ಬೆರಳಿಟ್ಟು ನೋಡಬೇಕು. ಮೇಲುಮಣ್ಣು ಒಣಗಿದ್ದರೆ ಕುಂಡದ ತಳದ ತೂತಿನಿಂದ ಹರಿದು ಬರುವಷ್ಟು ಹಾಕಬೇಕು, ಹಸಿ ಇದ್ದರೆ ಸುಮ್ನೆ ಬಿಡಬೇಕು. ಬೆಳಗಿನ ಬಿಸಿಲು ಇಷ್ಟ, ಬೇಸಿಗೆಯ ಮಧ್ಯಾಹ್ನಕ್ಕೆ ನೆರಳು ಬೇಕು. ಇನ್ನು ಮಣ್ಣು. ನಮ್ಮ ಎರೆಮಣ್ಣು ಹತ್ತಿ ಬೆಳೆದು ಊರಿಗೆ ಗಿರಣಿ ತಂದ ಮಣ್ಣು, ಅದರ ಮೇಲೆ ನನಗೆ ಗೌರವವಿದೆ. ಆದರೆ ಕುಂಡಕ್ಕೆ ಬೇಡ. ನೀರು ಹಿಡಿದುಕೊಂಡು ಬೇರು ಕೊಳೆಸುತ್ತದೆ. ಇಟ್ಟಿಗೆ ಚೂರು, ದಪ್ಪ ಮರಳು, ಸ್ವಲ್ಪ ಗೊಬ್ಬರ ಸಾಕು.

ಚಿಗುರು ಆರೇಳು ಎಲೆಗೆ ಬಂದಾಗ ಎರಡು ಎಲೆ ಉಳಿಸಿ ಕತ್ತರಿಸುತ್ತೇನೆ. ಎರಡು ಮೂರು ವರ್ಷಕ್ಕೊಮ್ಮೆ ಕುಂಡ ಬದಲು, ಬೇರಿಗೂ ಕತ್ತರಿ. ಕೊಂಬೆ ಬಗ್ಗಿಸಲು ಸುತ್ತಿದ ತಂತಿಯನ್ನು ಮಾತ್ರ ಆಗಾಗ ನೋಡುತ್ತಿರಬೇಕು. ಎಲ್ಮ್ ಬೇಗ ದಪ್ಪವಾಗುತ್ತದೆ, ತಂತಿ ತೊಗಟೆಯೊಳಗೆ ಇಳಿದರೆ ಗಾಯದ ಗುರುತು ಬಹಳ ದಿನ ಉಳಿಯುತ್ತದೆ.

ಕಷ್ಟ ಇರುವುದು ಮದುವೆ ಸೀಸನ್ನಿನಲ್ಲಿ. ಊರಿಗೆ ಹೋಗುವಾಗ ಪಕ್ಕದ ಮನೆ ಆಂಟಿಗೆ ಕುಂಡ ಒಪ್ಪಿಸಬೇಕು. ಅವರು ಪ್ರೀತಿಯಿಂದ ಅಕ್ಕಿ ತೊಳೆದ ನೀರು ಹಾಕಿ, "ಪಾಪ, ಬೆಳೀತಾನೇ ಇಲ್ವಲ್ಲ" ಎಂದು ಮರುಗುತ್ತಾರೆ. ಬೆಳೆಯಬಾರದು ಆಂಟಿ ಎಂದು ಹೇಳುವುದಾದರೂ ಹೇಗೆ?