ಟೆಂಡರಿಗೆ ಬಂದವರು ಬೀಗರಾದರು

ಅಂತೂ ಧಾರೆ ಮುಗಿಯಿತು. ಕಂಪನಿಗಳ ಉದ್ಯೋಗಿಗಳ ಪ್ರಯಾಣ ನೋಡಿಕೊಳ್ಳುವ ಎರಡು ದೊಡ್ಡ ಏಜೆನ್ಸಿಗಳಲ್ಲಿ ಒಂದು ಇನ್ನೊಂದನ್ನು ಕೊಂಡುಕೊಂಡಿತು. 2024ರ ಮಾರ್ಚಿನಲ್ಲಿ ನಿಶ್ಚಿತಾರ್ಥ, 2025ರ ಜನವರಿಯಲ್ಲಿ ಅಮೆರಿಕದ ನ್ಯಾಯಾಂಗ ಇಲಾಖೆಯ ತಕರಾರು, ಜುಲೈನಲ್ಲಿ ತಕರಾರು ಎತ್ತಿದವರೇ ಅದನ್ನು ವಾಪಸು ಪಡೆದು ಅಕ್ಷತೆ ಹಾಕಿದ್ದು, ಸೆಪ್ಟೆಂಬರಿನಲ್ಲಿ ಅಮೆರಿಕನ್ ಎಕ್ಸ್‌ಪ್ರೆಸ್ ಗ್ಲೋಬಲ್ ಬಿಸಿನೆಸ್ ಟ್ರಾವೆಲ್ ಮನೆಗೆ ಸಿಡಬ್ಲ್ಯುಟಿ ಬಲಗಾಲಿಟ್ಟು ಬಂದದ್ದು. ಮೊದಲು 570 ಮಿಲಿಯನ್ ಡಾಲರ್ ಎಂದಿದ್ದ ತೆರ 540ಕ್ಕೆ ಇಳಿಯಿತು. ಆ ಮನೆಯವರು 2018ರಲ್ಲಿ ಇದೇ ಕಸುಬಿನ ಹಾಗ್ ರಾಬಿನ್ಸನ್ ಕಂಪನಿಯನ್ನೂ 2021ರಲ್ಲಿ ಎಜೆನ್ಸಿಯಾವನ್ನೂ ಮನೆ ತುಂಬಿಸಿಕೊಂಡಿದ್ದರು. ಅಲ್ಲಿ ಚಪ್ಪರ ಬಿಚ್ಚುವುದೇ ಅಪರೂಪ.

ಕನಿಕರ ಹುಟ್ಟುವುದು ಎಕ್ಸೆಲ್ ಶೀಟಿನ ಮೇಲೆ. ಉದ್ಯೋಗಿಗಳ ಪ್ರಯಾಣ ನೋಡಿಕೊಳ್ಳಲು ಏಜೆನ್ಸಿ ಹುಡುಕುವ ಕಂಪನಿಗಳ ಖರೀದಿ ವಿಭಾಗದವರು ಈ ಇಬ್ಬರನ್ನೂ ಬೇರೆ ಬೇರೆ ಕಾಲಮಿನಲ್ಲಿ ಕೂರಿಸಿ, ಪಕ್ಕದಲ್ಲಿ ಬಿಸಿಡಿ, ಎಫ್‌ಸಿಎಂ, ನವಾನ್ ಎಂಬ ಇತರ ಏಜೆನ್ಸಿಗಳ ಹೆಸರು ಬರೆದು, ಹಸಿರು ಹಳದಿ ಕೆಂಪು ತುಂಬಿ, ‘ಆರೋಗ್ಯಕರ ಪೈಪೋಟಿ’ ಎಂದು ಷರಾ ಹಾಕಿದ್ದರು. ಈಗ ಎರಡು ಕಾಲಮುಗಳನ್ನು ಒಂದು ಮಾಡಬೇಕಷ್ಟೆ. ಎಕ್ಸೆಲ್‌ನಲ್ಲಿ ಅದಕ್ಕೊಂದು ಬಟನ್ ಇದೆ, ನ್ಯಾಯಾಂಗ ಇಲಾಖೆಯ ಅನುಮತಿ ಬೇಡ.

ಟೆಂಡರಿನ ಪ್ರಶ್ನಾವಳಿಯನ್ನು ಓದಿದವರೇ ಧನ್ಯರು. ನೂರಾರು ಪ್ರಶ್ನೆ, ಒಂದೇ ಉತ್ತರ. ನಿಮ್ಮ ಸೇವೆ ಜಾಗತಿಕವೇ? ಹೌದು. ಕೃತಕ ಬುದ್ಧಿಮತ್ತೆ ಇದೆಯೇ? ಯಥೇಚ್ಛ. ಕರೆಗೆ ಎಷ್ಟು ಬೇಗ ಉತ್ತರಿಸುತ್ತೀರಿ? ನೂರಕ್ಕೆ 80 ಕರೆಗಳಿಗೆ 20 ಸೆಕೆಂಡಿನೊಳಗೆ. ಈ 80-20 ಕಾಲ್ ಸೆಂಟರ್ ಲೋಕದ ಹಳೆಯ ಮಂತ್ರ, ಯಾರೂ ತಪ್ಪು ಹೇಳುವುದಿಲ್ಲ. ಆದರೆ ಅದು ತಿಂಗಳ ಸರಾಸರಿ. ಬಿರುಗಾಳಿಗೆ ವಿಮಾನಗಳೆಲ್ಲ ರದ್ದಾದ ರಾತ್ರಿ ಎರಡು ಗಂಟೆ ಕಾದವನ ಕರೆಯನ್ನು, ಏನೂ ಆಗದ ಮಂಗಳವಾರಗಳ ಸಾವಿರ ಕರೆಗಳು ಸಲೀಸಾಗಿ ನುಂಗಿಬಿಡುತ್ತವೆ. ಸಾಲದ್ದಕ್ಕೆ, ‘ಅಸಾಮಾನ್ಯ ಕರೆದಟ್ಟಣೆಯ ದಿನಗಳು ಲೆಕ್ಕಕ್ಕಿಲ್ಲ’ ಎಂಬ ಸಾಲೊಂದು ಒಪ್ಪಂದದ ಹಿಂದಿನ ಪುಟಗಳಲ್ಲಿ ಮಲಗಿರುತ್ತದೆ. ಮಳೆ ಬಂದ ದಿನ ಬಿಟ್ಟು ಮಿಕ್ಕೆಲ್ಲ ದಿನ ಕೊಡೆ ಹಿಡಿಯುವ ಸೇವೆ ಇದು. ಗಡಿಬಿಡಿಯ ದಿನಗಳ ಅಂಕಿಯನ್ನೇ ಬೇರೆಯಾಗಿ ಕೊಡಿ, ಕಾದು ಬೇಸತ್ತು ಫೋನಿಟ್ಟವರು ಎಷ್ಟು ಹೇಳಿ ಎಂದರೆ ಸಭೆಯಲ್ಲಿ ಎಲ್ಲರಿಗೂ ಒಮ್ಮೆಲೇ ಕೆಮ್ಮು.

ಇನ್ನು ದರ. ಪೈಪೋಟಿ ನಡೆಯುವುದು ಆನ್‌ಲೈನ್ ಬುಕಿಂಗ್ ಶುಲ್ಕದ ಮೇಲೆ. ಮನುಷ್ಯರ ಕೈ ಸೋಕದ ಬುಕಿಂಗಿಗೆ ಅಗ್ಗದ ದರ ಬರೆದವನೇ ಗೆದ್ದ. ಆಮೇಲೆ ಪ್ರಯಾಣಿಕ ಮೂರು ಊರಿನ ಟಿಕೆಟ್ ಕೇಳಿದರೆ ಕೈ ಸೋಕಿತು, ದಿನಾಂಕ ಬದಲಿಸಿದರೆ ಸೋಕಿತು, ಅದನ್ನು ರಾತ್ರಿ ಮಾಡಿದರೆ ಸೋಕಿದ್ದರ ಮೇಲೆ ಇನ್ನೊಂದು ಶುಲ್ಕ. ಒಂದೇ ಟಿಕೆಟ್ ಮೂರು ಸಲ ಬಿಲ್ಲಾಗುತ್ತದೆ. ಕಳೆದ ವರ್ಷದ ಬುಕಿಂಗ್, ಬದಲಾವಣೆ, ರದ್ದು, ರಾತ್ರಿಯ ಕರೆ ಇವೆಲ್ಲದರ ಎಣಿಕೆಗೆ ಪ್ರತಿ ಏಜೆನ್ಸಿಯ ದರಪಟ್ಟಿ ಹಚ್ಚಿ ನೋಡಿದರೆ ‘ಅತಿ ಅಗ್ಗ’ದವನು ಕೆಳಗಿಳಿಯುವುದುಂಟು. ಅದಕ್ಕೆ ಅರ್ಧ ದಿನ ಸಾಕು. ಬಣ್ಣ ತುಂಬಲು ಮಾತ್ರ ನಮ್ಮಲ್ಲಿ ಆರು ವಾರ ಇರುತ್ತದೆ.

ಉಳಿತಾಯದ ವರದಿಯಂತೂ ಸೃಜನಶೀಲ ಸಾಹಿತ್ಯ. ಆ ದಿನದ ಅತಿ ದುಬಾರಿ ಟಿಕೆಟ್ ಎಷ್ಟು, ನೀವು ಕೊಂಡದ್ದು ಎಷ್ಟು, ನಡುವಿನದೆಲ್ಲ ಏಜೆನ್ಸಿ ಉಳಿಸಿಕೊಟ್ಟದ್ದು! ಆ ದುಬಾರಿ ಟಿಕೆಟ್ಟನ್ನು ಯಾರೂ ಕೇಳಿರಲಿಲ್ಲ ಎನ್ನುವುದು ಅಡಿಟಿಪ್ಪಣಿಗೂ ಬರುವುದಿಲ್ಲ.

ಈ ಏಜೆನ್ಸಿಗಳ ಸಂಪಾದನೆಯದೇ ಒಂದು ಪುರಾಣ. 1995ರವರೆಗೆ ವಿಮಾನ ಕಂಪನಿಗಳೇ ಕಮಿಷನ್ ಕೊಡುತ್ತಿದ್ದವು. ಆ ವರ್ಷ ಡೆಲ್ಟಾ ಅದಕ್ಕೆ ಮಿತಿ ಹಾಕಿತು, 2002ರ ಹೊತ್ತಿಗೆ ಅಮೆರಿಕದ ದೊಡ್ಡ ವಿಮಾನ ಕಂಪನಿಗಳು ಮಾಮೂಲಿ ಕಮಿಷನ್ನನ್ನು ಸೊನ್ನೆಗಿಳಿಸಿದವು. ಅಂದಿನಿಂದ ಗ್ರಾಹಕರು ಶುಲ್ಕ ಕೊಡುತ್ತಾರೆ. ಅಮೇಡಿಯಸ್, ಸೇಬರ್, ಟ್ರಾವೆಲ್‌ಪೋರ್ಟ್ ಎಂಬ ಮೂರು ಬುಕಿಂಗ್ ಜಾಲಗಳು ಏಜೆನ್ಸಿಗಳಿಗೆ ಬುಕಿಂಗಿಗಿಷ್ಟು ಎಂದು ಪ್ರೋತ್ಸಾಹಧನ ಕೊಡುತ್ತವೆ. ಹೋಟೆಲುಗಳು ಕಮಿಷನ್ ಕೊಡುತ್ತವೆ. ನಮ್ಮ ಪರವಾಗಿ ಚೌಕಾಸಿ ಮಾಡಲು ಹೋದವನಿಗೆ ಮಾರುವವನೂ ಸಂಭಾವನೆ ಕೊಡುತ್ತಿದ್ದಾನೆ. ಮತ್ತೆ ಹೋಲಿಕೆ ಯಾವುದರದು? ನಾಲ್ಕೈದು ಏಜೆನ್ಸಿ, ಬಹುಮಟ್ಟಿಗೆ ಅವೇ ಮೂರು ಜಾಲ.

ಈ ಜಾಲಗಳನ್ನು ಪಕ್ಕಕ್ಕಿಟ್ಟು ನೇರ ಮಾರಾಟಕ್ಕೆ ಹೊರಟ ಶೂರರೂ ಇದ್ದಾರೆ. ಅಂತರರಾಷ್ಟ್ರೀಯ ವಿಮಾನ ಸಾರಿಗೆ ಸಂಘ 2012ರಲ್ಲಿ ಟಿಕೆಟ್ ಮಾರಾಟಕ್ಕೆ ಎನ್‌ಡಿಸಿ ಎಂಬ ಹೊಸ ತಾಂತ್ರಿಕ ಮಾನದಂಡ ಹೊರಡಿಸಿತು. 2015ರಲ್ಲಿ ಲುಫ್ಥಾನ್ಸಾ ಹಳೆಯ ದಾರಿಯ ಟಿಕೆಟ್ಟಿಗೆ 16 ಯೂರೋ ದಂಡ ಹಾಕಿತು. 2023ರ ಏಪ್ರಿಲಿನಲ್ಲಿ ಅಮೆರಿಕನ್ ಏರ್‌ಲೈನ್ಸ್ ತನ್ನ ಅನೇಕ ಅಗ್ಗದ ದರಗಳನ್ನು ಹಳೆಯ ಜಾಲಗಳಿಂದ ಹಿಂತೆಗೆಯಿತು. ಕಂಪನಿ ಗ್ರಾಹಕರು ಬೇರೆ ವಿಮಾನ ಹತ್ತಿದರು, 2024ರ ಮೇನಲ್ಲಿ ಅಮೆರಿಕನ್ ಏರ್‌ಲೈನ್ಸಿನ ವಾಣಿಜ್ಯ ಮುಖ್ಯಸ್ಥರಿಗೆ ಮನೆಯ ದಾರಿ ತೋರಿಸಲಾಯಿತು, ದರಗಳು ತೆಪ್ಪಗೆ ವಾಪಸು ಬಂದವು. ಈಗ ಎಲ್ಲ ಏಜೆನ್ಸಿಗಳೂ ‘ನಮ್ಮಲ್ಲಿ ಎನ್‌ಡಿಸಿ ಸಿದ್ಧ’ ಎನ್ನುತ್ತವೆ. ಕೊಳ್ಳಲು ಸಿದ್ಧ, ನಿಜ. ಅರ್ಧ ಹಾರಿದ ಟಿಕೆಟ್ಟಿನ ಮಿಕ್ಕರ್ಧ ಬದಲಿಸಿಕೊಡಿ ಎಂದರೆ ‘ದಯವಿಟ್ಟು ವಿಮಾನ ಕಂಪನಿಯನ್ನು ಸಂಪರ್ಕಿಸಿ’. ವಿಮಾನ ಕಂಪನಿಯನ್ನು ಕೇಳಿದರೆ ‘ದಯವಿಟ್ಟು ನಿಮ್ಮ ಏಜೆನ್ಸಿಯನ್ನು ಸಂಪರ್ಕಿಸಿ’.

ಇಷ್ಟು ಹೊತ್ತು ನಕ್ಕದ್ದಾಯಿತು. ವಿಮಾನದ ಗೇಟಿನ ಮುಂದೆ ನಿಂತ ಪ್ರಯಾಣಿಕನಿಗೆ ಇದರಲ್ಲಿ ನಗುವಂಥದ್ದೇನೂ ಇಲ್ಲ. ನಡುರಾತ್ರಿ ಹೋಟೆಲಿಗೆ ಹೋದರೆ ಬಿಲ್ ಕಟ್ಟಲೆಂದು ಏಜೆನ್ಸಿ ಕಳಿಸಿದ ವರ್ಚುವಲ್ ಕಾರ್ಡಿನ, ಅಂದರೆ ಬರೀ ನಂಬರಿನ ಕಾರ್ಡಿನ, ವಿವರ ಸಿಗುವುದಿಲ್ಲ. ಅದು ಫ್ಯಾಕ್ಸಿನಲ್ಲಿ ಬಂದಿರುತ್ತದೆ, ಫ್ಯಾಕ್ಸ್ ಬೀಗ ಹಾಕಿದ ಕಚೇರಿಯಲ್ಲಿರುತ್ತದೆ. ಅವನು ಸ್ವಂತ ಕಾರ್ಡು ಉಜ್ಜಬೇಕು, ಆ ಹಣಕ್ಕೆ ತನ್ನದೇ ಕಂಪನಿಯ ಮುಂದೆ ಕೈಯೊಡ್ಡಬೇಕು. ಬೇಸತ್ತು ತಾನೇ ಬೇರೆ ರೂಮು ಹಿಡಿದರೆ ಅವನು ನಿಯಮ ಮುರಿದವನು. ಪ್ರಯಾಣಿಕರ ಸುರಕ್ಷತೆಗೆ 2021ರಿಂದ ಐಎಸ್‌ಒ 31030 ಎಂಬ ಮಾರ್ಗಸೂಚಿಯೇ ಇದೆ, ಟೆಂಡರಿನಲ್ಲಿ ಅದರ ಹೆಸರೂ ಇರುತ್ತದೆ. ಯಾರು ಎಲ್ಲಿದ್ದಾರೆಂದು ತೋರಿಸುವ ಏಜೆನ್ಸಿಯ ನಕಾಶೆಯಲ್ಲಿ ಮಾತ್ರ ಅವನ ಚುಕ್ಕಿ, ಅವನು ಮಲಗಿಯೇ ಇರದ ಹೋಟೆಲಿನ ಮೇಲೆ ಹಸಿರಾಗಿ ಹೊಳೆಯುತ್ತಿರುತ್ತದೆ. ಇದಕ್ಕೆ ಯಾರೂ ಉತ್ತರ ಕೊಡುವುದಿಲ್ಲ. ಕೇಳುವವರೂ ಇಲ್ಲ, ಏಕೆಂದರೆ ಏಜೆನ್ಸಿಗೆ ಅಂಕ ಹಾಕಿದವರು ಆ ರಾತ್ರಿ ತಮ್ಮ ಮನೆಯಲ್ಲಿ ಮಲಗಿದ್ದರು.

ರೋಸಿ ಏಜೆನ್ಸಿ ಬದಲಿಸುತ್ತೇವೆ ಎನ್ನುವವರು ನೋಟಿಸ್ ಕೊಡುವ ಮುನ್ನವೇ ಬಳಸದ ಟಿಕೆಟ್ಟುಗಳ ಪಟ್ಟಿ ಇಳಿಸಿಕೊಳ್ಳಲಿ. ಸಾಮಾನ್ಯವಾಗಿ ಅವುಗಳ ಆಯಸ್ಸು ಕೊಂಡ ದಿನದಿಂದ ಒಂದು ವರ್ಷ, ಹಕ್ಕು ಪ್ರಯಾಣಿಕನ ಹೆಸರಿನಲ್ಲಿ. ಅವನು ಕೆಲಸ ಬಿಟ್ಟರೆ ಆ ಹಣ ಹೋದರೂ ಹೋಯಿತೇ. ಮುಂದಿನ ತಿಂಗಳ ಬುಕಿಂಗುಗಳೂ ಹೊಸಬರ ಕೈಗೆ ಸುಲಭಕ್ಕೆ ಬರುವುದಿಲ್ಲ, ಹಾರಿ ಮುಗಿಯುವವರೆಗೆ ಹಳಬರ ಬಳಿಯೇ ಇರುತ್ತವೆ. ಹೊಸ ಏಜೆನ್ಸಿ ಹಳೆಯದರ ಬೀಗರ ಪೈಕಿ ಹೌದೋ ಅಲ್ಲವೋ ಎಂಬುದನ್ನೂ ಒಮ್ಮೆ ವಿಚಾರಿಸಿಕೊಳ್ಳಲಿ.